ಕಟ್ಟಳೆ ಮೀರಿದ ಹೆಣ್ಣನ್ನು ನಮ್ಮ ಕಾದಂಬರಿಗಳು ಬದುಕಗೊಡುತ್ತವೆಯೇ?

ಶಾಲ್ಮಲಾ
ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಸಣ್ಣ ಓದುಗರ ಬಳಗದಲ್ಲಿ ಕೆಲವು ತಿಂಗಳುಗಳಿಂದ ಒಂದೇ ಎಳೆಯ ಕೃತಿಗಳನ್ನು ಓದುತ್ತಿದ್ದೇವೆ. ತನ್ನ ಜಾತಿ, ಮತ, ಕುಲದ ಕಟ್ಟುಪಾಡುಗಳೊಳಗೆ ಸಿಕ್ಕಿಕೊಂಡ ಹೆಣ್ಣಿನ ಕಥೆಗಳು ಅವು. ಅವಳಿಗೆ ಎದುರಾಗಿ ನಿಲ್ಲುವವರು ತಂದೆ, ಅತ್ತೆ, ಮಠ, ಜಮಾತು, ನೆರೆಹೊರೆಯವರು, ಅಂದರೆ ಅವಳನ್ನು ಎತ್ತಿ ಆಡಿಸಿದವರೇ ಎಂಬುದು ನಮಗೆಲ್ಲ ಗೊತ್ತಿರುವ ಮಾತು. ನನ್ನನ್ನು ಕಾಡುತ್ತಿರುವುದು ಆ ಮುಂದಿನ ಸಂಗತಿ. ಅವರ ಮಾತನ್ನು ಮೀರಿದ ಹೆಣ್ಣಿಗೆ ಕೃತಿಯ ಕೊನೆಯಲ್ಲಿ ಏನಾಗುತ್ತದೆ ನೋಡಿ.

‘ವಂಶವೃಕ್ಷ’ದ ಕಾತ್ಯಾಯನಿ ವಿಧವೆಯಾದ ಮೇಲೆ ಮರುಮದುವೆಯಾಗುತ್ತಾಳೆ, ಮತ್ತೆ ಮತ್ತೆ ಗರ್ಭಪಾತವಾಗಿ ಕೊರಗಿ ಸಾಯುತ್ತಾಳೆ. ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಮಸೀದಿಯ ಕೊಳದಲ್ಲಿ ಮುಳುಗುತ್ತಾಳೆ. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರದ ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳಿದರೂ ಕೊನೆಗೆ ಮತ್ತೆ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಯಮುನಕ್ಕನ ಗತಿಯೂ ಅದೇ. ಬದುಕು ಹಾಗೇ ಇತ್ತೆಂದು ಲೇಖಕರು ಹಾಗೆ ಬರೆದರೇ, ಅಥವಾ ಕಟ್ಟಳೆ ಮೀರಿದವಳು ಚೆನ್ನಾಗಿ ಬಾಳುವುದನ್ನು ಕಲ್ಪಿಸಿಕೊಳ್ಳಲು ಅವರಿಗೂ ಕೈ ನಡುಗಿತೇ? ನಿಮ್ಮ ಅಭಿಪ್ರಾಯವನ್ನು ದಯವಿಟ್ಟು ಕೃತಿಗಳ ಆಧಾರದ ಮೇಲೆ ಹೇಳಿ.

ಕಪಿಲಾ
ಶಾಲ್ಮಲಾ ಅವರೇ, ಕಾತ್ಯಾಯನಿಯ ಸಾವನ್ನು ಲೇಖಕ ಕೊಟ್ಟ ಶಿಕ್ಷೆಯೆಂದು ಓದುವುದು ಭೈರಪ್ಪನವರಿಗೆ ಮಾಡುವ ಅನ್ಯಾಯ. ಆ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯರು ತಾವು ಕಾಪಾಡಿಕೊಂಡು ಬಂದ ವಂಶದ ಶುದ್ಧಿಯೇ ಸುಳ್ಳೆಂಬುದನ್ನು, ತಾವೇ ಆ ವಂಶದ ಔರಸ ಸಂತಾನವಲ್ಲವೆಂಬುದನ್ನು ಕೊನೆಯಲ್ಲಿ ಕಂಡುಕೊಳ್ಳುತ್ತಾರೆ. ಯಾವ ವಂಶಕ್ಕಾಗಿ ಕಾತ್ಯಾಯನಿ ತನ್ನ ಮಗನನ್ನು ಬಿಟ್ಟುಕೊಡಬೇಕಾಯಿತೋ ಆ ವಂಶದ ಬೇರನ್ನೇ ಲೇಖಕರು ಕಿತ್ತು ತೋರಿಸಿದ್ದಾರೆ. 1965ರಲ್ಲಿ ಹೀಗೆ ಬರೆಯಲು ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ನಾವು ಮರೆಯಬಾರದು.

ಶಾಲ್ಮಲಾ
ಕಪಿಲಾ ಅವರೇ, ಬೇರು ಕಿತ್ತದ್ದನ್ನು ನಾನು ಒಪ್ಪುತ್ತೇನೆ. ಆದರೆ ಆ ಸತ್ಯವನ್ನು ತಿಳಿದುಕೊಂಡ ಶ್ರೋತ್ರಿಯರಿಗೆ ಎಲ್ಲವನ್ನೂ ತ್ಯಜಿಸಿ ಹೊರಡುವ ಘನತೆ ದಕ್ಕುತ್ತದೆ, ಕಾತ್ಯಾಯನಿಗೆ ಸಾವು ದಕ್ಕುತ್ತದೆ. ಸುಳ್ಳು ಅವಳದಾಗಿರಲಿಲ್ಲ. ಮೂರು ಸಲ ಗರ್ಭ ನಿಲ್ಲದೆ ಹೋಗುವುದನ್ನು ಕಾದಂಬರಿ ಅವಳೊಳಗಿನ ಪಾಪಪ್ರಜ್ಞೆಯೊಂದಿಗೆ ಹೆಣೆದಿರುವಾಗ, ಓದುಗನ ಮನಸ್ಸಿನಲ್ಲಿ ಕಾರಣ ಮತ್ತು ಪರಿಣಾಮ ತಾವಾಗಿಯೇ ಜೋಡಿಯಾಗುತ್ತವೆ.

ಹಳೆಯ ಓದುಗ
ಈ ಚರ್ಚೆಯನ್ನು 1965ರಿಂದ ಆರಂಭಿಸುವುದು ಸರಿಯಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ಹೇಳುವ ಆ ಪುಸ್ತಕದ ಕೇಂದ್ರದಲ್ಲಿಯೇ ಒಬ್ಬ ಎಳೆಯ ವಿಧವೆಯಿದ್ದಾಳೆ. ಅವಳ ಹೆತ್ತವರು ಸಂತಮಂಡಳಿಯ ಭಕ್ತರು. ಭಕ್ತಿಯ ಸೋಗಿನಲ್ಲಿ ಆ ಮಂಡಳಿಯವರು ನಡೆಸುವ ದುರಾಚಾರಕ್ಕೆ ಮಗಳನ್ನು ಒಡ್ಡಲೂ ಅವರು ಹೇಸುವುದಿಲ್ಲ. ಇಂದಿರೆ ಆ ಮನೆಯಿಂದ ಓಡಿಹೋಗಿ ಅಮೃತರಾಯರ ಆಶ್ರಯ ಪಡೆಯುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗಿ ಸುಖವಾಗಿ ಬಾಳುತ್ತಾಳೆ. ಅವಳನ್ನು ಲೇಖಕರು ಸಾಯಿಸಲಿಲ್ಲ, ಅವಳಿಂದ ಪಶ್ಚಾತ್ತಾಪದ ಮಾತನ್ನೂ ಆಡಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೊಲೀಸ್ ಅಧಿಕಾರಿ ಗುಲ್ವಾಡಿಯವರಿಗೆ ಸಾಧ್ಯವಾದ ಕಲ್ಪನೆ ನವ್ಯ ಸಾಹಿತ್ಯದ ಕಾಲಕ್ಕೆ ಏಕೆ ದುಬಾರಿಯಾಯಿತು ಎಂಬುದೇ ನಿಜವಾದ ಪ್ರಶ್ನೆ.

ತುಂಗೆಯ ಮಗ
ಅದಕ್ಕೆ ಉತ್ತರ ಸುಲಭವಿದೆ. ‘ಇಂದಿರಾಬಾಯಿ’ ಸುಧಾರಣೆಯ ಪ್ರಚಾರಕ್ಕಾಗಿ ಬರೆದ ಪುಸ್ತಕ. ಪ್ರಚಾರದ ಪುಸ್ತಕದಲ್ಲಿ ಒಳ್ಳೆಯವರು ಗೆಲ್ಲಲೇಬೇಕು. ‘ಸದ್ಧರ್ಮ ವಿಜಯವು’ ಎಂದು ಲೇಖಕರೇ ಅದಕ್ಕೆ ಇನ್ನೊಂದು ಹೆಸರಿಟ್ಟಿದ್ದಾರೆ.

ಹಳೆಯ ಓದುಗ
ಹಾಗಾದರೆ ದುರಂತವನ್ನು ಬರೆದರೆ ಕಲೆ, ಬದುಕನ್ನು ಬರೆದರೆ ಪ್ರಚಾರ ಎಂದಾಯಿತು. ಈ ಅಳತೆಗೋಲನ್ನು ನಮಗೆ ಕೊಟ್ಟವರು ಯಾರೆಂದು ದಯವಿಟ್ಟು ಯೋಚಿಸಿ.

ಕಾನೂನಿನ ಕಣ್ಣು
ಒಂದು ಸಂಗತಿಯನ್ನು ಸೇರಿಸುತ್ತೇನೆ. ‘ಇಂದಿರಾಬಾಯಿ’ ಬಂದಾಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿತ್ತು. ಅಲ್ಲಿ ವಿಧವೆಯ ಮರುಮದುವೆಯನ್ನು ಸಿಂಧುವಾಗಿಸಿದ 1856ರ ಕಾಯ್ದೆ ಜಾರಿಯಾಗಿ ನಾಲ್ಕು ದಶಕಗಳು ಕಳೆದಿದ್ದವು. ಅಂದರೆ ಅವಳನ್ನು ತಡೆಯುತ್ತಿದ್ದದ್ದು ಸರ್ಕಾರವಲ್ಲ. ಆದರೆ ಅದೇ ಕಾಯ್ದೆಯ ಎರಡನೆಯ ಕಲಮಿನ ಪ್ರಕಾರ ಮರುಮದುವೆಯಾದ ವಿಧವೆಗೆ ಸತ್ತ ಗಂಡನ ಆಸ್ತಿಯಲ್ಲಿದ್ದ ಹಕ್ಕು ಹೋಗುತ್ತಿತ್ತು. ಮೂರನೆಯ ಕಲಮಿನ ಪ್ರಕಾರ ಅವಳ ಮಕ್ಕಳ ಪಾಲನೆಗೆ ಬೇರೆಯವರನ್ನು ನೇಮಿಸುವಂತೆ ಗಂಡನ ಕಡೆಯವರು ನ್ಯಾಯಾಲಯವನ್ನು ಕೇಳಬಹುದಿತ್ತು. ಮದುವೆ ಬೇಕಾದರೆ ಜಮೀನು ಬಿಡು, ಮಗುವನ್ನೂ ಬಿಡು ಎಂಬುದು ಬಿಡುಗಡೆಯ ಕಾಯ್ದೆಯೊಳಗೇ ಕುಳಿತಿತ್ತು. ‘ವಂಶವೃಕ್ಷ’ದಲ್ಲಿ ನಂಜನಗೂಡಿನ ಮನೆಯವರು ಯಾವ ಕಾನೂನಿನ ಪುಸ್ತಕವನ್ನೂ ತೆರೆಯದೆ ಅದೇ ತೀರ್ಮಾನಕ್ಕೆ ಬರುತ್ತಾರೆ, ಮಗು ವಂಶಕ್ಕೆ ಸೇರಿದ್ದು ಎಂಬ ತೀರ್ಮಾನಕ್ಕೆ. ಕಾತ್ಯಾಯನಿಯ ದುಃಖವನ್ನು ಲೇಖಕನ ತಲೆಗೆ ಮಾತ್ರ ಕಟ್ಟುವ ಮುನ್ನ ಇದನ್ನೂ ನೋಡಬೇಕು.

ಕರಾವಳಿಯವಳು
ಶಾಲ್ಮಲಾ ಅವರ ಮೊದಲ ಬರಹದಲ್ಲಿ ಒಂದು ತಿದ್ದುಪಡಿ ಬೇಕು. ಯಮುನಕ್ಕ ಸಾಯುವುದಿಲ್ಲ. ‘ಘಟಶ್ರಾದ್ಧ’ದ ಭಯಂಕರತೆ ಇರುವುದೇ ಅಲ್ಲಿ. ವಿಧವೆಯಾಗಿ ಬಸುರಾದಳೆಂದು ಬದುಕಿರುವ ಮಗಳಿಗೆ ತಂದೆಯೇ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ, ಅವಳ ತಲೆ ಬೋಳಿಸಿ ಹೊರಗೆ ಹಾಕುತ್ತಾರೆ. ಅವಳು ಉಸಿರಾಡುತ್ತಿದ್ದರೂ ಅಗ್ರಹಾರದ ಲೆಕ್ಕದಲ್ಲಿ ಇಲ್ಲ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಸಿನಿಮಾದಲ್ಲಿ ಅದೇ ತಂದೆ ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಟಿರುವ ಸುದ್ದಿಯೂ ಬರುತ್ತದೆ. ಬಸಿರಿಗೆ ಕಾರಣನಾದ ಮಾಸ್ತರನಿಗೆ ಯಾರೂ ಶ್ರಾದ್ಧ ಮಾಡಲಿಲ್ಲವೆಂಬುದನ್ನು ಗಮನಿಸಿ.

ಇದನ್ನೆಲ್ಲ ನಮಗೆ ಕಾಣಿಸುವುದು ವೇದ ಕಲಿಯಲು ಬಂದ ಚಿಕ್ಕ ಹುಡುಗ ನಾಣಿಯ ಕಣ್ಣು ಎಂಬುದೂ ಮುಖ್ಯ. ಅವಳನ್ನು ಅಕ್ಕನೆಂದು ಪ್ರೀತಿಸಿದ ಆ ಹುಡುಗ ಕೂಡ ಮುಂದೆ ಇದೇ ಮಂತ್ರ ಹೇಳುವವನಾಗಿ ಬೆಳೆಯಬೇಕಾದವನು.

ಪಯಸ್ವಿನಿ
ನಾನು ಕಾಸರಗೋಡಿನವಳು, ಸಾರಾ ಅಬೂಬಕ್ಕರ್ ಅವರ ಕಾದಂಬರಿಯ ಹೊಳೆಯ ದಂಡೆಯವಳು. ನಾದಿರಾಳ ಸಾವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ನೋಡಿ ಇಷ್ಟು ಬರೆಯಲೇಬೇಕೆನಿಸಿತು.

ಆ ಕಾದಂಬರಿಯಲ್ಲಿ ಎಲ್ಲವೂ ಹಣದ ಮಾತಿನಿಂದ ಶುರುವಾಗುತ್ತದೆ. ತಂದೆ ಮಹಮ್ಮದ್ ಖಾನ್ ಅಳಿಯನಿಂದ ಹಣ ಕೇಳುತ್ತಾನೆ, ರಶೀದನ ಬಳಿ ಅದು ಇರುವುದಿಲ್ಲ, ಸಿಟ್ಟಿಗೆದ್ದ ತಂದೆ ಮಗಳನ್ನು ಗಂಡನ ಮನೆಯಿಂದ ತಂದು ಕೂರಿಸಿಕೊಂಡು ತಲಾಕ್ ಆಗುವಂತೆ ಮಾಡುತ್ತಾನೆ. ಗಂಡ ಹೆಂಡತಿಯರ ನಡುವೆ ಜಗಳವೇ ಇರಲಿಲ್ಲ. ಮುಂದೆ ಅವರಿಬ್ಬರೂ ಮತ್ತೆ ಒಂದಾಗಬೇಕೆಂದು ಬಯಸಿದಾಗ ಧರ್ಮದ ಹೆಸರಿನಲ್ಲಿ ಒಂದು ಷರತ್ತು ಬರುತ್ತದೆ: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನೊಂದಿಗೆ ಒಂದು ರಾತ್ರಿ ಕಳೆದು, ಅವನಿಂದ ತಲಾಕ್ ಪಡೆದು ಬರಬೇಕು. ತಪ್ಪು ಮಾಡಿದವನು ತಂದೆ, ಷರತ್ತು ಹಾಕಿದವರು ಗಂಡಸರು, ಅದನ್ನು ಮೈಮೇಲೆ ಹೊರಬೇಕಾದವಳು ನಾದಿರಾ. ಅವಳು ಇಡೀ ಕಾದಂಬರಿಯಲ್ಲಿ ಯಾವ ಕಟ್ಟಳೆಯನ್ನೂ ಮೀರಲಿಲ್ಲ. ಪ್ರತಿ ಹಂತದಲ್ಲೂ ಹೇಳಿದಂತೆ ಕೇಳಿದಳು. ಆ ರಾತ್ರಿಯೊಂದನ್ನು ಮಾತ್ರ ಅವಳಿಗೆ ಒಪ್ಪಿಕೊಳ್ಳಲಾಗಲಿಲ್ಲ. ಆದ್ದರಿಂದ ಮೀರಿದವಳಿಗೆ ಸಾವು ಎಂಬ ನಿಮ್ಮ ಪಟ್ಟಿಯಲ್ಲಿ ಅವಳ ಹೆಸರನ್ನು ಇಡಬೇಡಿ. ವಿಧೇಯಳಾಗಿದ್ದರೂ ಬದುಕಲು ಬಿಡಲಿಲ್ಲ ಎಂಬ ಇನ್ನೊಂದು ಪಟ್ಟಿ ಮಾಡಿ, ಅದರಲ್ಲಿ ಬರೆಯಿರಿ.

ಶಾಲ್ಮಲಾ
ಪಯಸ್ವಿನಿ ಅಕ್ಕಾ, ಈ ವ್ಯತ್ಯಾಸವನ್ನು ನಮ್ಮ ಬಳಗದಲ್ಲಿ ಯಾರೂ ಎತ್ತಿರಲಿಲ್ಲ. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನೂ ಆ ಎರಡನೆಯ ಪಟ್ಟಿಗೆ ಸೇರುತ್ತಾಳೆ ಎಂದು ನನಗನ್ನಿಸುತ್ತದೆ.

ಅಂಚೆಪೆಟ್ಟಿಗೆ
ನಂಜಮ್ಮ ಖಂಡಿತ ಸೇರುತ್ತಾಳೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸುತ್ತಾಳೆ. ಶಾನುಭೋಗನೆಂಬ ಹೆಸರು ಮಾತ್ರ ಗಂಡನದು.

ತುಂಗೆಯ ಮಗ
ನನ್ನ ಮಾತು ಹಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ‘ಗೃಹಭಂಗ’ದಲ್ಲಿ ನಂಜಮ್ಮನನ್ನು ಹಿಂಸಿಸುವವಳು ಅತ್ತೆ ಗಂಗಮ್ಮ. ನೆರೆಯ ಹೆಂಗಸರು ಆಡಿಕೊಳ್ಳದಿದ್ದರೆ ‘ಶರಪಂಜರ’ದ ಕಾವೇರಿ ಗುಣವಾಗಿಯೇ ಉಳಿಯುತ್ತಿದ್ದಳು. ಹೆಣ್ಣಿಗೆ ಹೆಣ್ಣೇ ಶತ್ರು ಎಂಬುದನ್ನು ಈ ಕೃತಿಗಳೇ ಸಾಬೀತುಪಡಿಸುತ್ತವೆ. ಎಲ್ಲವನ್ನೂ ಗಂಡಸರ ಮೇಲೆ ಹೊರಿಸುವುದು ನ್ಯಾಯವಲ್ಲ.

ಕರಾವಳಿಯವಳು
ಕಾವೇರಿಯನ್ನು ಕೊನೆಗೆ ಮುರಿದದ್ದು ಗಂಡ ಇನ್ನೊಬ್ಬಳ ಸಂಬಂಧ ಇಟ್ಟುಕೊಂಡಿದ್ದಾನೆಂಬ ಸತ್ಯ. ಅದನ್ನು ಬಿಟ್ಟು ನೆರೆಯ ಹೆಂಗಸರನ್ನು ಮಾತ್ರ ಹಿಡಿದುಕೊಂಡಿದ್ದೀರಿ.

ಹೇಮಾವತಿ
ತುಂಗೆಯ ಮಗ ಅವರೇ, ಗಂಗಮ್ಮನನ್ನು ಇನ್ನೊಮ್ಮೆ ಓದಿ. ಅವಳು ವಿಧವೆ. ಹೆತ್ತ ಗಂಡುಮಕ್ಕಳ ತಾಯಿ ಎಂಬುದನ್ನು ಬಿಟ್ಟರೆ ಅವಳಿಗೆ ಊರಿನಲ್ಲಿ ಯಾವ ಸ್ಥಾನವೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ಅವಳ ಕೈಗೆ ಬಂದ ಒಂದೇ ಅಧಿಕಾರವೆಂದರೆ ಸೊಸೆಯ ಮೇಲಿನ ಅಧಿಕಾರ. ಅದನ್ನು ಅವಳು ಕ್ರೂರವಾಗಿ ಬಳಸುತ್ತಾಳೆ ಎಂಬುದು ನಿಜ, ಅದಕ್ಕೆ ಕ್ಷಮೆಯೂ ಬೇಡ. ಆದರೆ ಆ ಅಧಿಕಾರವನ್ನು ಹಂಚಿದವರು ಯಾರು, ಅದರಿಂದ ಅನುಕೂಲವಾದದ್ದು ಯಾರಿಗೆ ಎಂದು ಕೇಳದೆ ಶತ್ರು ಎಂಬ ಮಾತಿಗೆ ಬಂದುಬಿಟ್ಟರೆ ಕಾದಂಬರಿಯ ಅರ್ಧವನ್ನು ಓದಿದಂತೆ. ಚೆನ್ನಿಗರಾಯ ಒಂದು ದಿನವೂ ದುಡಿಯದೆ ಇಬ್ಬರು ಹೆಂಗಸರ ಜಗಳದ ನಡುವೆ ನೆಮ್ಮದಿಯಾಗಿ ಉಣ್ಣುತ್ತಾನೆ.

ಹಾಗೆಯೇ ‘ಫಣಿಯಮ್ಮ’ವನ್ನು ನೋಡಿ. ಎಂ.ಕೆ. ಇಂದಿರಾ 1976ರಲ್ಲಿ ಬರೆದ ಆ ಕಾದಂಬರಿಯಲ್ಲಿ ಬಾಲವಿಧವೆ ಫಣಿಯಮ್ಮ ನೂರ ಹನ್ನೆರಡು ವರ್ಷ ಬದುಕುತ್ತಾಳೆ. ಒಂದು ಕಟ್ಟಳೆಯನ್ನೂ ತನ್ನ ಪಾಲಿಗೆ ಮುರಿದುಕೊಳ್ಳುವುದಿಲ್ಲ. ಆದರೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ಸೆಟೆದು ನಿಂತಾಗ ಅವಳ ಪರವಾಗಿ ಮಾತನಾಡುವವಳು ಫಣಿಯಮ್ಮನೇ. ತಾನು ಅನುಭವಿಸಿದ್ದು ಇನ್ನೊಬ್ಬಳಿಗೆ ಬೇಡ ಎನ್ನುವ ಹೆಣ್ಣೂ ನಮ್ಮ ಸಾಹಿತ್ಯದಲ್ಲಿ ಇದ್ದಾಳೆ. ಅವಳನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಲೆನಾಡ ಮೊಮ್ಮಗಳು
ಹೇಮಾವತಿ ಅವರ ಮಾತಿಗೆ ನಮ್ಮ ಮನೆಯದೇ ಒಂದು ನೆನಪನ್ನು ಸೇರಿಸುತ್ತೇನೆ. ನನ್ನ ಅಜ್ಜಿಯ ದೊಡ್ಡಮ್ಮ ಕೆಂಪು ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದು ಹಿತ್ತಲ ಕಡೆಯ ಕೋಣೆಯಲ್ಲೇ ಜೀವಮಾನ ಕಳೆದವರು. ಮದುವೆ ಮನೆಯ ಅಡುಗೆಯೆಲ್ಲ ಅವರದು, ಆದರೆ ಹಸೆಯ ಹತ್ತಿರ ಅವರ ನೆರಳೂ ಸುಳಿಯುವಂತಿರಲಿಲ್ಲ. ನನ್ನ ಅಮ್ಮ ಕಾಲೇಜಿಗೆ ಹೋಗುವ ಮಾತು ಬಂದಾಗ ಮನೆಯ ಗಂಡಸರೆಲ್ಲ ಬೇಡವೆಂದರಂತೆ. ಅಲ್ಲಿಯವರೆಗೆ ಯಾವ ಮಾತಿನಲ್ಲೂ ತಲೆಹಾಕದಿದ್ದ ಆ ಮುದುಕಿ ಮಾತ್ರ, ಹುಡುಗಿ ಓದಲಿ, ಇಲ್ಲದಿದ್ದರೆ ನಾನು ನಾಳೆಯಿಂದ ಒಲೆ ಹಚ್ಚುವುದಿಲ್ಲ ಎಂದರಂತೆ. ಅಮ್ಮ ಓದಿದರು. ‘ಫಣಿಯಮ್ಮ’ ಓದುವಾಗ ನನಗೆ ಅದು ಕಟ್ಟುಕಥೆಯೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಆ ಕಾದಂಬರಿಯ ಮೂಲ ಕೂಡ ಎಂ.ಕೆ. ಇಂದಿರಾ ತಮ್ಮ ಮನೆತನದ ಹಿರಿಯಳೊಬ್ಬಳ ಬಗ್ಗೆ ತಾಯಿಯಿಂದ ಕೇಳಿದ ಸಂಗತಿಗಳೇ.

ಭೀಮಾತೀರ
ಇಲ್ಲಿಯವರೆಗಿನ ಎಲ್ಲ ಪ್ರತಿಕ್ರಿಯೆಗಳನ್ನೂ ಓದಿದೆ. ಪಯಸ್ವಿನಿ ಅವರ ಮಾತನ್ನು ಬಿಟ್ಟರೆ ನಾವು ಅಗ್ರಹಾರದ ಸುತ್ತಲೇ ತಿರುಗುತ್ತಿದ್ದೇವೆ. ತಲೆ ಬೋಳಿಸುವುದು, ಮಡಿ, ವೈಧವ್ಯ ಇವು ಕರ್ನಾಟಕದ ಎಲ್ಲ ಹೆಂಗಸರ ಕಥೆಯಾಗಿರಲಿಲ್ಲ. ನಮ್ಮ ಕಡೆ ದುಡಿಯುವ ಜಾತಿಗಳಲ್ಲಿ ಗಂಡ ಸತ್ತವಳು ಉಡಿಕೆಯಾಗಿ ಇನ್ನೊಬ್ಬನ ಜೊತೆ ಬಾಳುವುದು ಹಿಂದಿನಿಂದಲೂ ಇತ್ತು. 1856ರ ಕಾಯ್ದೆಗಾಗಿ ಯಾರೂ ಕಾಯಲಿಲ್ಲ.

ಆದರೆ ಅಲ್ಲಿ ಸಮಾನತೆಯಿತ್ತೆಂದು ಯಾರೂ ಭಾವಿಸಬಾರದು. ಹಲವು ಕಡೆ ಉಡಿಕೆಯಾದವಳಿಗೆ ಮದುವೆಯ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವ ಹಕ್ಕಿರಲಿಲ್ಲ. ಹೆಣ್ಣನ್ನು ದೇವರಿಗೆ ಬಿಡುವ ಪದ್ಧತಿ ನಡೆದದ್ದು ಹೆಚ್ಚಾಗಿ ದಲಿತ ಮತ್ತು ಹಿಂದುಳಿದ ಮನೆಗಳ ಹುಡುಗಿಯರ ಮೇಲೆ. ಮುತ್ತು ಕಟ್ಟಲು, ಅಂದರೆ ದೇವದಾಸಿಯಾಗಿಸಲು, ಕರೆದುಕೊಂಡು ಹೋಗುತ್ತಿದ್ದವರು ಹೆತ್ತವರು, ಅದರ ಫಲ ಉಂಡವರು ಊರಿನ ಮೇಲುಜಾತಿಯ ಗಂಡಸರು. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಇಲ್ಲಿ ಸಮುದಾಯದ ಒಳಗಿನ ದೌರ್ಜನ್ಯವನ್ನೂ ಹೊರಗಿನ ದೌರ್ಜನ್ಯವನ್ನೂ ಬೇರೆ ಬೇರೆಯಾಗಿ ಎತ್ತಿಡಲು ಸಾಧ್ಯವೇ ಇಲ್ಲ.

ಕಲಬುರಗಿಯ ಗೀತಾ ನಾಗಭೂಷಣ ಜೀವನವಿಡೀ ಬರೆದದ್ದು ಈ ದುಡಿಯುವ ಹೆಂಗಸರ ಬಗ್ಗೆ. 2004ರಲ್ಲಿ ಅವರ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಆದರೂ ಈ ಚರ್ಚೆಯಲ್ಲಿ ಇಷ್ಟು ಹೊತ್ತು ಯಾರ ಬಾಯಲ್ಲೂ ಅವರ ಹೆಸರು ಬರಲಿಲ್ಲ. ಇದು ನನಗೆ ನೋವಿನ ವಿಷಯ.

ಹಳೆಯ ಓದುಗ
ಭೀಮಾತೀರ ಅವರ ಆಕ್ಷೇಪ ಸರಿಯಾಗಿದೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನೂ ಇಲ್ಲಿ ನೆನೆಯಬೇಕು. ಆ ಮನೆಯ ದೊಡ್ಡ ದನಿ ಅವಳದೇ. ಅವಳನ್ನು ಗಂಜಿಯ ಬಡತನ ಹಿಂಡುತ್ತದೆ, ಪೊಲೀಸರು ಹೆದರಿಸುತ್ತಾರೆ, ಆದರೆ ಮನೆಯೊಳಗೆ ಅವಳ ಬಾಯಿಯನ್ನು ಯಾರೂ ಮುಚ್ಚಿಸಲಾರರು. ಅಗ್ರಹಾರದ ಕಾದಂಬರಿಯಲ್ಲಿ ಅಂಥ ಮುದುಕಿಯನ್ನು ಹುಡುಕುವುದು ಕಷ್ಟ.

ಅನಂತಮೂರ್ತಿಯವರ ‘ಸಂಸ್ಕಾರ’ದ ಚಂದ್ರಿಯೂ ಹಾಗೆಯೇ. ಇಡೀ ಅಗ್ರಹಾರ ಅವಳ ಸಂಗಾತಿ ನಾರಣಪ್ಪನ ಹೆಣವನ್ನು ಮುಂದಿಟ್ಟುಕೊಂಡು ಶಾಸ್ತ್ರ ಹುಡುಕುತ್ತ ಕುಳಿತಾಗ, ಯಾವ ಶಾಸ್ತ್ರಕ್ಕೂ ಲೆಕ್ಕವಿಲ್ಲದ ಅವಳು ಮುಸಲ್ಮಾನನೊಬ್ಬನ ಸಹಾಯದಿಂದ ರಾತ್ರೋರಾತ್ರಿ ದಹನ ಮುಗಿಸಿ ತನ್ನ ದಾರಿ ಹಿಡಿಯುತ್ತಾಳೆ.

ಪಯಸ್ವಿನಿ
ಚಂದ್ರಿಯ ಬಗ್ಗೆ ನನಗೆ ಯಾವಾಗಲೂ ಒಂದು ಅನುಮಾನವಿದೆ. ಕಟ್ಟಳೆಯಿಲ್ಲದ ಹೆಣ್ಣು ಎಂಬ ಸ್ಥಾನವನ್ನು ಕೆಳಜಾತಿಯವಳಿಗೆ ಕೊಟ್ಟು, ಅವಳ ಮೈಯನ್ನು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಬಿಡುಗಡೆಯ ಬಾಗಿಲು ಮಾಡಿದ್ದನ್ನು ನಾನು ಸ್ವಾತಂತ್ರ್ಯವೆಂದು ಒಪ್ಪಲಾರೆ. ಅವಳಿಗೂ ಒಂದು ಮನೆ, ತಾಯಿ, ಅವಳ ಮೇಲೆ ಹಕ್ಕು ಚಲಾಯಿಸುವ ಜನ ಇದ್ದಿರಲೇಬೇಕು. ಆ ಕಡೆಗೆ ಕಾದಂಬರಿ ಹೆಚ್ಚು ಹೊತ್ತು ನೋಡುವುದಿಲ್ಲ.

ಭೀಮಾತೀರ
ನೂರಕ್ಕೆ ನೂರು ಒಪ್ಪುತ್ತೇನೆ.

ದೂರದೇಶದ ಕನ್ನಡಿಗ
ನಾನು ಹದಿನೈದು ವರ್ಷಗಳಿಂದ ಹೊರದೇಶದಲ್ಲಿದ್ದೇನೆ. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಇಲ್ಲಿನ ಕನ್ನಡ ಕೂಟದಲ್ಲಿ ಎಲ್ಲರೂ ಹೆಮ್ಮೆಪಟ್ಟೆವು. ದೀಪಾ ಭಸ್ತಿಯವರ ಅನುವಾದ ಇಲ್ಲಿನ ಪುಸ್ತಕದಂಗಡಿಯ ಮುಂಭಾಗದಲ್ಲಿತ್ತು. ಆದರೆ ನನ್ನ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ನಿಮ್ಮ ಕಡೆ ಮುಸ್ಲಿಂ ಹೆಂಗಸರ ಸ್ಥಿತಿ ಹೀಗೆಯೇ ಎಂದು ಮರುಕದಿಂದ ಕೇಳಿದಾಗ ನನಗೆ ಕಸಿವಿಸಿಯಾಯಿತು. ಮನೆಯ ಮಾತು ಬೀದಿಗೆ ಬಂದಂತೆ ಅನ್ನಿಸಿತು. ಈಗಾಗಲೇ ದ್ವೇಷಕ್ಕೆ ಗುರಿಯಾಗಿರುವ ಸಮುದಾಯವೊಂದರ ಒಳಗಿನ ತಪ್ಪುಗಳನ್ನು ಹೀಗೆ ಬರೆದರೆ ಅದು ದ್ವೇಷಿಸುವವರ ಕೈಗೆ ಸಿಗುವುದಿಲ್ಲವೇ? ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳುತ್ತಿದ್ದೇನೆ.

ಪಯಸ್ವಿನಿ
ಸಹೋದರರೇ, ಈ ಪ್ರಶ್ನೆಯನ್ನು ನಮಗೆ ನಾಲ್ಕು ದಶಕಗಳಿಂದ ಕೇಳುತ್ತಿದ್ದಾರೆ. ಸಾರಾ ಅಬೂಬಕ್ಕರ್ ಅವರ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾಲದಿಂದಲೂ ಸಮುದಾಯದ ಮಾನ ಕಳೆಯುತ್ತೀ ಎಂಬ ಮಾತನ್ನು ಅವರು ಕೇಳಿಸಿಕೊಂಡರು, ಸಭೆಗಳಲ್ಲಿ ವಿರೋಧ ಎದುರಿಸಿದರು. ಮಸೀದಿಗೆ ಹೋಗುವುದು ಮಹಿಳೆಯ ಹಕ್ಕು ಎಂದದ್ದಕ್ಕೆ ಬಾನು ಮುಷ್ತಾಕ್ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಇನ್ನೊಂದು ಕಡೆಯವರು ಇದೇ ಪುಸ್ತಕಗಳನ್ನು ಎತ್ತಿ ಹಿಡಿದು, ನೋಡಿ ಇವರ ಧರ್ಮ ಇಂಥದ್ದು ಎನ್ನುತ್ತಾರೆ. ನಮ್ಮವರು ಬರೆಯಬೇಡ ಎನ್ನುತ್ತಾರೆ, ಪರರು ಬರೆದದ್ದನ್ನು ನಮ್ಮವರಿಗೆ ಹೊಡೆಯಲು ಬಳಸುತ್ತಾರೆ, ಎರಡರ ನಡುವೆ ನಾದಿರಾಳ ಬಗ್ಗೆ ಯಾರಿಗೂ ಮಾತನಾಡಬೇಕಾಗಿಲ್ಲ.

ಇಲ್ಲಿ ಮೇಲೆ ‘ಇಂದಿರಾಬಾಯಿ’ಯಿಂದ ‘ಘಟಶ್ರಾದ್ಧ’ದವರೆಗೆ ಎಷ್ಟೊಂದು ಕೃತಿಗಳ ಹೆಸರು ಬಂದಿವೆ. ಅವುಗಳನ್ನು ಓದಿದವರು ಒಬ್ಬ ಲೇಖಕನ ಸಾಮಾಜಿಕ ವಿಮರ್ಶೆ ಎಂದು ಮೆಚ್ಚುತ್ತಾರೆ. ಸಂತಮಂಡಳಿಯ ಕಥೆ ಓದಿ ಇಡೀ ಹಿಂದೂ ಸಮಾಜವನ್ನು ಯಾರೂ ಮರುಕದಿಂದ ನೋಡಲಿಲ್ಲ. ನಾವು ಬರೆದಾಗ ಮಾತ್ರ ಅದು ಇಡೀ ಮತದ ಮೇಲಿನ ಸಾಕ್ಷಿಯಾಗುತ್ತದೆ. ನಿಮ್ಮ ಸಹೋದ್ಯೋಗಿಗೆ ‘ಘಟಶ್ರಾದ್ಧ’ವನ್ನೂ ಓದಲು ಕೊಡಿ. ನಾವು ಬರೆಯುವುದನ್ನು ನಿಲ್ಲಿಸುವುದಿಲ್ಲ.

ಹೇಮಾವತಿ
ನಾನು ಹಾಸನದವಳು, ಬಾನು ಅವರ ಕಥೆಗಳನ್ನು ಬಹಳ ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಶಾಲ್ಮಲಾ ಅವರ ಮೂಲ ಪ್ರಶ್ನೆಗೆ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಉತ್ತರವಿದೆ. ಹೆಣ್ಣು ಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದವಳು ಕಾಯಿಲೆ ಬಿದ್ದ ಕೂಸನ್ನು ಎತ್ತಿಕೊಂಡು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ನ್ಯಾಯ ಕೊಡಬೇಕಾದ, ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಜಾರಿಕೊಳ್ಳುತ್ತಾನೆ, ಕೂಸು ಸಾಯುತ್ತದೆ. ಅಲ್ಲಿಗೆ ಮುಗಿದಿದ್ದರೆ ಅದೂ ನಿಮ್ಮ ಪಟ್ಟಿಗೆ ಸೇರುತ್ತಿತ್ತು. ಆದರೆ ಆಮೇಲೆ ಮೊಹಲ್ಲಾದ ಹೆಂಗಸರು ಆ ಮುತವಲ್ಲಿಗೆ ಮುಖದೆದುರೇ ಶಾಪ ಹಾಕುತ್ತಾರೆ, ಅವನ ಹೆಂಡತಿಯೇ ಇನ್ನು ಮಕ್ಕಳು ಬೇಡವೆಂದು ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಈ ಕಥೆಯನ್ನೇ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

‘ಎದೆಯ ಹಣತೆ’ಯಲ್ಲೂ ಹಾಗೆಯೇ. ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರೇ ಮನೆತನದ ಮಾನದ ಮಾತಾಡಿ ವಾಪಸು ಬಿಟ್ಟು ಬರುತ್ತಾರೆ. ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ, ಮಗಳು ಸಲ್ಮಾ ಬಂದು ತಡೆಯುತ್ತಾಳೆ. ಸಾವಿನ ಬಾಗಿಲಿನವರೆಗೆ ಹೋದ ಹೆಣ್ಣನ್ನು ಇನ್ನೊಬ್ಬ ಹೆಣ್ಣು ಹಿಂದಕ್ಕೆ ಎಳೆದುಕೊಂಡು ಬರುವುದನ್ನು ಬರೆಯಲು ಮಹಿಳೆಯೇ ಬೇಕಾಯಿತು ಎಂಬುದು ನನ್ನ ಅನಿಸಿಕೆ.

ಕಪಿಲಾ
ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಬರೆದ ಕುವೆಂಪು ಗಂಡಸರೇ. ಒಪ್ಪದ ಮದುವೆಯಿಂದ ತಪ್ಪಿಸಿಕೊಂಡು ರಾತ್ರಿ ಕಾಡು ಹೊಕ್ಕ ಚಿನ್ನಮ್ಮನನ್ನು ಅವರು ಹುಲಿಗೂ ಕೊಡಲಿಲ್ಲ, ಹೊಳೆಗೂ ಕೊಡಲಿಲ್ಲ. ಅವಳ ಜೊತೆಗೆ ಪೀಂಚಲುವಿನ ಗೆಳೆತನವನ್ನು ಕಳಿಸಿದರು. ನಾದಿರಾಳನ್ನು ಕೊಳಕ್ಕೆ ಇಳಿಸಿದವರು ಮಹಿಳೆ, ಕಾವೇರಿಯನ್ನು ಮತ್ತೆ ಕತ್ತಲೆಗೆ ತಳ್ಳಿದ ತ್ರಿವೇಣಿಯವರೂ ಮಹಿಳೆ. ಲೇಖಕರು ಗಂಡೋ ಹೆಣ್ಣೋ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ.

ಅಂಚೆಪೆಟ್ಟಿಗೆ
ತ್ರಿವೇಣಿಯವರ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ನಮ್ಮ ಓಣಿಯಲ್ಲಿ ಹೆರಿಗೆಯ ನಂತರ ಕೆಲವು ತಿಂಗಳು ಮನಸ್ಸು ಕೆಟ್ಟಿದ್ದ ಹೆಂಗಸೊಬ್ಬರಿದ್ದರು. ಆಸ್ಪತ್ರೆಯಿಂದ ಪೂರ್ತಿ ಗುಣವಾಗಿ ಬಂದ ಮೇಲೂ ಯಾರೂ ಅವರ ಕೈಗೆ ಮಗು ಕೊಡುತ್ತಿರಲಿಲ್ಲ. ಅವರು ಜೋರಾಗಿ ನಕ್ಕರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ‘ಶರಪಂಜರ’ವನ್ನು ಗ್ರಂಥಾಲಯದಿಂದ ತಂದು ಓದಿದ ಮೇಲೆ ನನ್ನ ತಾಯಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ನನ್ನ ತಮ್ಮನನ್ನು ಅವರ ತೊಡೆಯ ಮೇಲೆ ಬಿಟ್ಟು, ಸಂತೆಗೆ ಹೋಗಿ ಬರುತ್ತೇನೆ, ನೋಡಿಕೊಳ್ಳಿ ಎಂದು ಹೇಳಿ ಬಂದರು. ಕಾವೇರಿ ಕೊನೆಗೆ ಗೆದ್ದಿದ್ದರೆ ಅಮ್ಮನಿಗೆ ಅಷ್ಟು ಚುಚ್ಚುತ್ತಿತ್ತೇ ಎಂಬುದು ನನಗೆ ಅನುಮಾನ. ದುರಂತವನ್ನು ಬರೆದವರೆಲ್ಲ ಹೆದರಿ ಬರೆದರು ಎನ್ನಬೇಡಿ. 1963ರಲ್ಲಿ ತೀರಿಕೊಂಡಾಗ ತ್ರಿವೇಣಿಯವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅಷ್ಟರೊಳಗೆ ಯಾರೂ ಬಾಯಿಬಿಟ್ಟು ಹೇಳದಿದ್ದ ಈ ಕಾಯಿಲೆಯ ಬಗ್ಗೆ ಅವರು ಬರೆದಿದ್ದರು.

ಅಧ್ಯಾಪಕಿ
ನಾನು ಪದವಿ ತರಗತಿಗಳಿಗೆ ವೈದೇಹಿಯವರ ‘ಅಕ್ಕು’ ಕಥೆ ಕಲಿಸುತ್ತೇನೆ. ಗಂಡ ಬಿಟ್ಟುಹೋದ ಅಕ್ಕು ಬಸುರಿಯಂತೆ ನಟಿಸುತ್ತಾಳೆ, ಮನೆಯವರು ಅವಳನ್ನು ಹುಚ್ಚಿ ಎನ್ನುತ್ತಾರೆ. ಹುಚ್ಚಿ ಎಂಬ ಹೆಸರು ಬಂದ ಮೇಲೆ ಅವಳು ಬೇರೆ ಯಾರೂ ಹೇಳಲಾಗದ ಮಾತನ್ನು ಎಲ್ಲರೆದುರು ಹೇಳಿಬಿಡುತ್ತಾಳೆ. ಇಲ್ಲಿ ಹೊರದಬ್ಬುವ ಮಠವಿಲ್ಲ, ಜಾತಿಯ ಸಭೆಯಿಲ್ಲ. ಅಡುಗೆಮನೆ, ಜಗಲಿ, ನಾಲ್ಕು ಜನರ ನೋಟ ಇಷ್ಟೇ ಅವಳನ್ನು ಕಟ್ಟಿಹಾಕುತ್ತವೆ. ಅಕ್ಕು ಸಾಯುವುದೂ ಇಲ್ಲ, ಗೆಲ್ಲುವುದೂ ಇಲ್ಲ. ನೀವೆಲ್ಲ ಹುಡುಕುತ್ತಿರುವ ಎರಡು ಪಟ್ಟಿಗಳಲ್ಲಿ ಯಾವುದರಲ್ಲೂ ಅವಳನ್ನು ಕೂರಿಸಲಾಗದು.

ತರಗತಿಯಲ್ಲಿ ಈ ಕಥೆ ಮುಗಿದ ಮೇಲೆ ಹುಡುಗರು ಅವಳಿಗೆ ಚಿಕಿತ್ಸೆ ಬೇಕಿತ್ತು ಎನ್ನುತ್ತಾರೆ. ಹುಡುಗಿಯರಲ್ಲಿ ಹಲವರು ಸುಮ್ಮನಿರುತ್ತಾರೆ, ತರಗತಿ ಬಿಟ್ಟ ಮೇಲೆ ಬಂದು ತಮ್ಮ ಮನೆಯ ಯಾವುದೋ ಅತ್ತೆಯ, ಚಿಕ್ಕಮ್ಮನ ಕಥೆ ಹೇಳುತ್ತಾರೆ. ಒಬ್ಬಳು ತನ್ನ ಚಿಕ್ಕಮ್ಮನ ಹೆಸರನ್ನು ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಎಂದೂ ಅಚ್ಚು ಹಾಕಿಸುವುದಿಲ್ಲ ಎಂದಳು. ಆಕೆ ಬೇರೆ ಜಾತಿಯವರನ್ನು ಮದುವೆಯಾಗಿ ಇಪ್ಪತ್ತು ವರ್ಷಗಳಾಗಿವೆಯಂತೆ, ಅದೇ ಊರಿನಲ್ಲಿ ಚೆನ್ನಾಗಿಯೇ ಇದ್ದಾರಂತೆ.

ತುಂಗೆಯ ಮಗ
ಅಧ್ಯಾಪಕಿಯವರೇ, ಆ ಚಿಕ್ಕಮ್ಮನ ಕಥೆಯನ್ನು ಯಾರಾದರೂ ಬರೆದಿದ್ದಾರೆಯೇ? ಅದೇ ಊರಿನಲ್ಲಿ, ಚೆನ್ನಾಗಿಯೇ, ಆದರೆ ಪತ್ರಿಕೆಯಲ್ಲಿ ಹೆಸರಿಲ್ಲದೆ ಬದುಕುವವಳ ಕಥೆಯನ್ನು? ಅಂಥದ್ದು ಇದ್ದರೆ ನಾನು ಓದಬೇಕು.

ಶಾಲ್ಮಲಾ
ನನಗೂ ಬೇಕು. ಮುಂದಿನ ತಿಂಗಳು ನಮ್ಮ ಬಳಗದಲ್ಲಿ ‘ಬದುಕು’ ಓದುವುದೆಂದು ಇಂದು ಬೆಳಗ್ಗೆಯೇ ಎಲ್ಲರಿಗೂ ತಿಳಿಸಿದ್ದೇನೆ. ಅದರ ನಂತರ ಅನುಪಮಾ ನಿರಂಜನರ ‘ಮಾಧವಿ’ ಓದೋಣವೇ ಎಂದು ಯೋಚಿಸುತ್ತಿದ್ದೇನೆ. ಮಹಾಭಾರತದ ಆ ಕಥೆಯಲ್ಲಿ ಎಂಟುನೂರು ಕುದುರೆಗಳ ಗುರುದಕ್ಷಿಣೆ ಹೊಂದಿಸಲು ಯಯಾತಿ ತನ್ನ ಮಗಳನ್ನೇ ಗಾಲವನಿಗೆ ಕೊಡುತ್ತಾನೆ, ಅವಳು ಒಬ್ಬೊಬ್ಬ ರಾಜನಿಗೂ ಒಬ್ಬೊಬ್ಬ ಮಗನನ್ನು ಹೆತ್ತುಕೊಟ್ಟು ಬರುತ್ತಾಳೆ. ಕೊನೆಗೆ ತಂದೆ ಸ್ವಯಂವರ ಏರ್ಪಡಿಸಿದಾಗ ನೆರೆದ ಯಾರನ್ನೂ ಒಪ್ಪದೆ ಕಾಡಿಗೆ ಹೋಗುತ್ತಾಳೆ.

ಕಪಿಲಾ
ಕಾಡಿಗೆ ಹೋದದ್ದನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ?

ಕರಾವಳಿಯವಳು
ಬದುಕಿದವರ ಪಟ್ಟಿಯಲ್ಲಿ. ಅವಳ ಬಾಯಿಂದ ಬಂದ ಮೊದಲ ನಿರಾಕರಣೆ ಅದು.

ಭೀಮಾತೀರ
ನನಗೆ ಅಷ್ಟು ಬೇಗ ಒಪ್ಪಲಾಗುವುದಿಲ್ಲ. ರಾಜಕುಮಾರಿಗೆ ಕಾಡು ತಪೋವನವಾಗುತ್ತದೆ. ಮುತ್ತು ಕಟ್ಟಿಸಿಕೊಂಡ ನಮ್ಮ ಕಡೆಯ ಹುಡುಗಿಗೆ ಅಂಥ ಕಾಡೂ ಇರಲಿಲ್ಲ, ಅವಳು ಅದೇ ಓಣಿಯಲ್ಲಿ ಅದೇ ಜನರ ನಡುವೆ ಮರುದಿನ ಬೆಳಗ್ಗೆ ನೀರಿಗೆ ಹೋಗಬೇಕಿತ್ತು. ‘ಬದುಕು’ ಓದಿ ಮುಗಿಸಿ ಬನ್ನಿ, ಮಾಧವಿಯ ಮಾತನ್ನು ಆಮೇಲೆ ಇಲ್ಲಿಂದಲೇ ಮುಂದುವರಿಸೋಣ.